ಶಾಲೆಯ ಮಕ್ಕಳೂ ಉಗ್ರವಾದದ ಬಲೆಯೂ

ಮಕ್ಕಳನ್ನು ರೋಗದಿಂದಲೂ ದುಸ್ಸಹವಾಸದಿಂದಲೂ ಕಾಪಾಡಬೇಕೆಂಬುದು ಗೃಹಸ್ಥರೆಲ್ಲರಿಗೂ ತಿಳಿದ ವಿಷಯವಷ್ಟೆ. ಆದರೆ ಮತದ ಹೆಸರಿನಲ್ಲಿಯೋ ಜನಾಂಗದ ಹೆಸರಿನಲ್ಲಿಯೋ ಪರರನ್ನು ಕೊಲ್ಲುವುದೇ ಧರ್ಮವೆಂದು ಎಳೆಯ ಮನಸ್ಸಿಗೆ ಬೋಧಿಸತಕ್ಕವರೂ ಲೋಕದಲ್ಲಿರುವರು. ಅಂಥವರಿಂದ ಮಕ್ಕಳನ್ನು ರಕ್ಷಿಸುವ ಭಾರವನ್ನು ಕಾಯಿದೆಯ ಮೂಲಕವೇ ಉಪಾಧ್ಯಾಯರ ಮೇಲೆ ಹೊರಿಸಿದ ದೇಶ ಬ್ರಿಟನ್. ನಮ್ಮ ಕನ್ನಡದ ಕುಟುಂಬಗಳೂ ಅನೇಕವು ಅಲ್ಲಿ ನೆಲಸಿ, ಮಕ್ಕಳನ್ನು ಅಲ್ಲಿಯ ಶಾಲೆಗಳಿಗೇ ಕಳುಹಿಸುತ್ತಿರುವುದರಿಂದ, ಈ ವಿಷಯವು ನಮಗೆ ತೀರ ಹೊರಗಿನದಲ್ಲ.

2015ರಲ್ಲಿ ಮಾಡಿದ ಭಯೋತ್ಪಾದನಾ ನಿಗ್ರಹದ ಕಾಯಿದೆಯ ಪ್ರಕಾರ, ಆ ವರ್ಷದ ಜುಲೈ 1ರಿಂದ, ಶಾಲೆಗಳೂ ನೋಂದಾಯಿತ ಶಿಶುವಿಹಾರಗಳೂ ತಮ್ಮಲ್ಲಿರುವ ಮಕ್ಕಳು ಭಯೋತ್ಪಾದನೆಯ ಕಡೆಗೆ ಸೆಳೆಯಲ್ಪಡದಂತೆ ಎಚ್ಚರ ವಹಿಸತಕ್ಕದ್ದು. ಇದಕ್ಕೆ ‘ಪ್ರಿವೆಂಟ್’, ಎಂದರೆ ನಿವಾರಣೆ, ಎಂದು ಹೆಸರು. ಮಗುವಿನ ವಿಷಯದಲ್ಲಿ ಶಂಕೆ ಬಂದರೆ ಶಾಲೆಯವರು ವರದಿ ಮಾಡುವರು. ಪೋಲೀಸರು ಪರಿಶೀಲಿಸಿ, ಅಗತ್ಯ ಕಂಡರೆ ‘ಚಾನೆಲ್’ ಎಂಬ ಮಂಡಲಿಗೆ ಒಪ್ಪಿಸುವರು. 2024ರ ಮಾರ್ಚಿಗೆ ಮುಗಿದ ಒಂದು ವರ್ಷದಲ್ಲಿ ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ಇಂಥ ವರದಿಗಳು 6,922. ಅವುಗಳಲ್ಲಿ ಹತ್ತಕ್ಕೆ ನಾಲ್ಕರಷ್ಟು ಬಂದುದು ವಿದ್ಯಾಸಂಸ್ಥೆಗಳಿಂದಲೇ. ಇದೆಲ್ಲ ಯಾವುದೋ ಒಂದೇ ಮತದವರ ಪೀಡೆಯೆಂದು ಓದುಗರು ತಿಳಿಯಬಾರದು. ಆ ವರ್ಷ ಇಸ್ಲಾಮಿನ ಹೆಸರಿನ ಉಗ್ರವಾದಕ್ಕಿಂತ ಬಲಪಂಥದ ಉಗ್ರವಾದದ ಶಂಕೆಯಿಂದ ಬಂದ ವರದಿಗಳೇ ಹೆಚ್ಚಾಗಿದ್ದುವು.

ಕಾಯಿದೆ ಇದ್ದ ಮಾತ್ರಕ್ಕೆ ಮಗು ಕ್ಷೇಮವಾಯಿತೆ? ಮೂರು ಪ್ರಸಂಗಗಳನ್ನು ನೋಡೋಣ.

2015ರ ಫೆಬ್ರವರಿಯಲ್ಲಿ ಪೂರ್ವ ಲಂಡನ್ನಿನ ಒಂದೇ ಶಾಲೆಯ ಮೂವರು ಹುಡುಗಿಯರು, ಹದಿನೈದು ಹದಿನಾರರ ಪ್ರಾಯದವರು, ಮನೆಯವರಿಗೆ ತಿಳಿಸದೆ ವಿಮಾನವೇರಿ ಇಸ್ತಾಂಬುಲಿಗೆ ಹೋಗಿ, ಅಲ್ಲಿಂದ ಸಿರಿಯವನ್ನು ಸೇರಿದರು. ಅದಕ್ಕೆ ಎರಡು ತಿಂಗಳ ಹಿಂದೆ ಅವರ ಗೆಳತಿಯೊಬ್ಬಳು ಹೀಗೆಯೇ ಹೊರಟುಹೋಗಿದ್ದಳು. ಆಕೆಯ ವಿಚಾರವಾಗಿ ಈ ಹುಡುಗಿಯರ ಹೇಳಿಕೆ ಪಡೆಯಲು ಅನುಮತಿ ಬೇಡಿ ಪೋಲೀಸರು ತಾಯಿತಂದೆಯರಿಗೆ ಪತ್ರ ಬರೆದರು. ಬರೆದು ಕೊಟ್ಟುದು ಯಾರ ಕೈಗೆ? ಆ ಹುಡುಗಿಯರ ಕೈಗೇ! ಪತ್ರಗಳು ಮನೆಯ ಹಿರಿಯರಿಗೆ ತಲಪಲೇ ಇಲ್ಲ. ಮಕ್ಕಳು ಹೋದಮೇಲೆ ಅವರ ವಸ್ತುಗಳ ನಡುವೆ ದೊರೆತುವು. ಪೋಲೀಸು ಮುಖ್ಯಾಧಿಕಾರಿಯು ಅನಂತರ ಕ್ಷಮೆ ಕೇಳಿದನು. ತರಗತಿಯಲ್ಲಿ ಕಡಮೆ ಗುಣ ಬಂದ ಹುಡುಗನ ಕೈಯಲ್ಲೇ ಅವನ ಪ್ರಗತಿಪತ್ರವನ್ನು ಕಳುಹಿಸಬಾರದೆಂಬುದು ಹಳ್ಳಿಯ ಉಪಾಧ್ಯಾಯನಿಗೂ ಗೊತ್ತಿರುವ ಸಂಗತಿ.

ಎರಡನೆಯದು ಲೂಟನ್ ನಗರದ ಶಿಶುವಿಹಾರದ್ದು. 2016ರಲ್ಲಿ ಪತ್ರಿಕೆಗಳಲ್ಲಿ ಬಂದಿತು. ನಾಲ್ಕು ವರ್ಷದ ಬಾಲಕನು ತನ್ನ ತಂದೆ ಸೌತೆಕಾಯಿ ಹೆಚ್ಚುತ್ತಿರುವ ಚಿತ್ರವನ್ನು ಬರೆದನು. ಆಂಗ್ಲಭಾಷೆಯಲ್ಲಿ ಸೌತೆಕಾಯಿಗೆ ‘ಕ್ಯೂಕಂಬರ್’ ಎಂದು ಹೆಸರು. ಮಗುವಿನ ತೊದಲು ನಾಲಿಗೆಯಲ್ಲಿ ಅದು ಅಲ್ಲಿಯವರ ಕಿವಿಗೆ ‘ಕುಕ್ಕರ್ ಬಾಂಬ್’ ಎಂದು ಕೇಳಿಸಿತು. ಮಗುವನ್ನು ವರದಿ ಮಾಡಬೇಕಾಗುವುದೆಂದು ತಾಯಿಗೆ ತಿಳಿಸಿದರು. ಕೊನೆಗೆ ಯಾವ ಕ್ರಮವೂ ಆಗಲಿಲ್ಲವೆನ್ನಿ. ಆದರೂ ಆ ತಾಯಿ ಪಟ್ಟ ಭಯವನ್ನು ಹಿಂದಕ್ಕೆ ತೆಗೆಯುವವರು ಯಾರು?

ಮೂರನೆಯದು ಇದಕ್ಕೆ ತೀರ ವಿರುದ್ಧವಾದುದು. ಒಬ್ಬ ಹುಡುಗನು ಶಾಲೆಯ ಕಂಪ್ಯೂಟರಿನಲ್ಲಿ ಶಾಲೆಗಳಲ್ಲಿ ನಡೆದ ಗುಂಡಿನ ದಾಳಿಗಳನ್ನು ಕುರಿತು ಹುಡುಕುತ್ತಿದ್ದುದನ್ನು ಕಂಡು, 2019ರಲ್ಲಿ, ಅವನಿಗೆ ಹದಿಮೂರು ವರ್ಷವಾಗಿದ್ದಾಗಲೇ, ಶಾಲೆಯವರು ವರದಿ ಮಾಡಿದರು. 2021ರಲ್ಲಿ ಮತ್ತೆರಡು ಸಲ ವರದಿ ಹೋಯಿತು. ಇವನಿಗೆ ಇಂಥದೇ ಸಿದ್ಧಾಂತವೆಂಬುದು ಕಾಣಲಿಲ್ಲವೆಂದು ಮೂರು ಸಲವೂ ಕಡತವನ್ನು ಮುಚ್ಚಿದರು. 2024ರ ಜುಲೈ 29ರಂದು ಸೌತ್‌ಪೋರ್ಟಿನಲ್ಲಿ ನೃತ್ಯದ ತರಗತಿಗೆ ನುಗ್ಗಿ ಮೂವರು ಬಾಲಿಕೆಯರನ್ನು ಕೊಂದವನು ಇವನೇ. ಕಡತವನ್ನು ಅಕಾಲದಲ್ಲಿ ಮುಚ್ಚಿದುದಾಗಿ 2025ರಲ್ಲಿ ಪ್ರಕಟವಾದ ಪರಾಮರ್ಶೆ ಹೇಳಿತು. ಉಪಾಧ್ಯಾಯರು ಇಲ್ಲಿ ಸರಿಯಾಗಿ ಕಂಡಿದ್ದರು; ಕಂಡುದಕ್ಕೆ ಮುಂದೆ ಆಶ್ರಯ ದೊರೆಯಲಿಲ್ಲ.

ಮೂರರಲ್ಲಿಯೂ ನನಗೆ ತೋರುವ ಕೊರತೆ ಒಂದೇ. ಮಗುವನ್ನು ಬಲ್ಲವರು ಒಬ್ಬರೊಡನೊಬ್ಬರು ಕುಳಿತು, ಮಗುವಿನೊಡನೆಯೂ ಕುಳಿತು, ನೇರವಾಗಿ ಮಾತನಾಡಬೇಕಾದ ಸ್ಥಳದಲ್ಲಿ ಕಾಗದವು ಓಡಾಡಿತು. ಉಗ್ರವಾದಿಯಾದರೋ ಕಾಗದ ಕಳುಹಿಸುವುದಿಲ್ಲ. ಒಂಟಿಯಾಗಿರುವ, ಅವಮಾನಪಟ್ಟಿರುವ ಮಗುವನ್ನು ಹುಡುಕಿ, ಮೊಬೈಲಿನಲ್ಲಿ ರಾತ್ರಿಯೆಲ್ಲ ಸ್ನೇಹದಿಂದ ಮಾತನಾಡುವನು, ಮನೆಯಲ್ಲಿ ಹೇಳಬೇಡವೆನ್ನುವನು. ಮೂವತ್ತು ವರ್ಷ ತರಗತಿಯಲ್ಲಿ ನಿಂತ ನನಗೆ ಎದುರುಮಾತಾಡುವ ಹುಡುಗನಿಂದ ಭಯವಾಗಿದ್ದಿಲ್ಲ. ಮಾತಾಡುತ್ತಿದ್ದವನು ಥಟ್ಟನೆ ಮೌನವಾದರೆ ಚಿಂತೆಯಾಗುತ್ತಿತ್ತು.

ನಮ್ಮ ಶಾಸ್ತ್ರಪಾಠದಲ್ಲಿ ಎದುರಾಳಿಯ ಮತವನ್ನು ಪೂರ್ವಪಕ್ಷವಾಗಿ ನ್ಯಾಯವಾಗಿಯೇ ಎತ್ತಿ ಹೇಳಿ, ಆಮೇಲೆ ಸಿದ್ಧಾಂತಕ್ಕೆ ಬರುವ ಪದ್ಧತಿಯುಂಟು. ತರಗತಿಯಲ್ಲಿ ಈ ಅಭ್ಯಾಸವಾದ ಮಗುವಿಗೆ, ಒಂದೇ ಪಕ್ಷವನ್ನು ಹೇಳುವ ಗೆಳೆಯನ ಮೇಲೆ ತಾನಾಗಿಯೇ ಸಂದೇಹ ಬರುವುದು. ಬ್ರಿಟನ್ನಿನ ಶಿಕ್ಷಣ ಇಲಾಖೆಯೂ 2015ರ ತನ್ನ ಸಲಹೆಯಲ್ಲಿ, ವಿವಾದದ ವಿಷಯಗಳ ಚರ್ಚೆಯನ್ನು ಈ ಕಾಯಿದೆಯ ನೆಪದಿಂದ ನಿಲ್ಲಿಸಬಾರದೆಂದು ತಿಳಿಸಿರುವುದು. ಆದರೆ ಹೆದರಿದ ಉಪಾಧ್ಯಾಯನು ಚರ್ಚೆಯನ್ನೇ ಬಿಟ್ಟುಬಿಡುವನು. ಹೆದರಿದ ಮಗುವು ಬೇರೆಲ್ಲಿಯೋ ಕೇಳುವುದು.

ಅಲ್ಲಿರುವ ನಮ್ಮವರಿಗೆ ಶಾಲೆಯಿಂದ ಇಂಥ ಕರೆ ಬಂದರೆ, ನಾಚಿಕೆಯಿಂದ ಮುಚ್ಚಿಡುವುದಾಗಲಿ ಕೋಪದಿಂದ ಮಗುವನ್ನು ಹೊಡೆಯುವುದಾಗಲಿ ಬೇಡ. ಮಗುವು ಆಡಿದ ಶಬ್ದ ಯಾವುದು, ಕೇಳಿದವರು ಯಾರು, ಅದರ ಅರ್ಥವನ್ನು ಮಗುವನ್ನೇ ಕೇಳಿದರೆ ಎಂದು ವಿಚಾರಿಸಿಕೊಳ್ಳಬಹುದು. ಚಾನೆಲ್ ಮಂಡಲಿಯ ನೆರವು ಬಲಾತ್ಕಾರದ್ದಲ್ಲ. ಚಿಕ್ಕ ಮಕ್ಕಳ ವಿಷಯದಲ್ಲಿ ಅದಕ್ಕೆ ತಾಯಿತಂದೆಯರ ಒಪ್ಪಿಗೆ ಬೇಕು.