ಜೋಡಿ ಗಿಳಿ ಮರಿ ಮಾಡಬೇಕಾದರೆ

ಹಿಂದೂಪುರ, ಕಲ್ಯಾಣದುರ್ಗದ ಕಡೆ ಮಕ್ಕಳ ಆಸೆಗೆಂದು ಗಿಳಿ ಸಾಕುವವರುಂಟು. ನಮ್ಮ ಹೊಲದ ಸಜ್ಜೆ ತೆನೆಗೆ ಎರಗುವ ಹಸುರು ಗಿಳಿಯನ್ನು ಹಿಡಿಯುವುದಾಗಲಿ, ಪಂಜರದಲ್ಲಿಡುವುದಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಸಾಕಲೇಬೇಕೆಂಬವರು ಆಸ್ಟ್ರೇಲಿಯಾ ಮೂಲದ ಪುಟ್ಟ ಬಡ್ಜಿ ಗಿಳಿಗಳನ್ನು ಸಾಕಬಹುದು. ಅಂಗಡಿಗಳಲ್ಲಿ ಇವನ್ನೇ 'ಲವ್ ಬರ್ಡ್ಸ್' ಎನ್ನುವುದುಂಟು.

ನಾವು ತಂದ ಮೊದಲ ಜೋಡಿ ವರ್ಷವಾದರೂ ಮೊಟ್ಟೆಯಿಡಲಿಲ್ಲ. ನೋಡಿದರೆ ಎರಡೂ ಗಂಡು! ಬಲಿತ ಗಂಡಿನ ಮೂಗಿನ ಬುಡ ಸಾಮಾನ್ಯವಾಗಿ ನೀಲಿ, ಹೆಣ್ಣಿನದು ಕಂದು. ಇದನ್ನು ನೋಡಿಯೇ ಕೊಂಡುಕೊಳ್ಳತಕ್ಕದ್ದು.

ಆಮೇಲೆ ತಂದ ಹೆಣ್ಣು, ಮೊಟ್ಟೆ ಹೊರಬಾರದೆ ಸತ್ತಿತು. ಎಳೆಯ ಪ್ರಾಯ, ಸುಣ್ಣದಂಶದ ಕೊರತೆ ಇವೆರಡೂ ಇಂಥ ಸಾವಿಗೆ ಕಾರಣಗಳು. ತಪ್ಪು ನಮ್ಮದೇ. ಆದಕಾರಣ ಹೆಣ್ಣಿಗೆ ಒಂದು ವರ್ಷ ತುಂಬುವವರೆಗೆ ಮಡಕೆ ಕಟ್ಟಬಾರದು. ಪಂಜರದಲ್ಲಿ ಸದಾ ಕಡಲನೊರೆ ಇರಲಿ. ನವಣೆ (ತೆಲುಗರ ಕೊರ್ರ), ಸಜ್ಜೆ, ತೊಳೆದ ಸೊಪ್ಪು, ದಿನವೂ ಹೊಸ ನೀರು ಕೊಡಬೇಕು.

ಬೇಸಿಗೆ ಕಳೆದ ಮೇಲೆ, ಪಕ್ಕದಲ್ಲಿ ತೂತುಳ್ಳ ಮಡಕೆಯನ್ನು ಪಂಜರದೊಳಗೆ ಎತ್ತರದಲ್ಲಿ ಕಟ್ಟಿರಿ. ಹೆಣ್ಣು ದಿನ ಬಿಟ್ಟು ದಿನ ನಾಲ್ಕಾರು ಮೊಟ್ಟೆಯಿಡುತ್ತದೆ. ಕಾವು ಕೂತ ಸುಮಾರು 18 ದಿನಕ್ಕೆ ಮರಿಯೊಡೆದು, ಐದು ವಾರಕ್ಕೆ ಮಡಕೆಯಿಂದ ಹೊರಬರುತ್ತದೆ. ಅಷ್ಟರವರೆಗೆ ಪದೇ ಪದೇ ಇಣುಕಬಾರದು.

ಎರಡು ಸಲ ಮರಿಯಾದೊಡನೆ ಮಡಕೆ ತೆಗೆದು ತಾಯಿಗೆ ಬಿಡುವು ಕೊಡಿರಿ. ಗಬ್ಬದ ಹಸುವನ್ನು ಈಯುವ ಮುಂಚೆ ಬತ್ತಿಸುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.