ಹಾಕಿ ಕೋಲಿನಿಂದ ಒಕ್ಕಗಳನ್ನು ಕೂಡಿಸಿದ ಕುಟ್ಟಪ್ಪನವರು

ಬೆಂಗಳೂರಿನ ಪಶ್ಚಿಮಕ್ಕಿರುವ ಮಲ್ಲತ್ತಹಳ್ಳಿ ಒಂದು ಕಾಲಕ್ಕೆ ಕೆರೆ, ಹೊಲಗಳ ಊರು. ಇಂದು ಅದು ನಗರದೊಳಗೆ ಸೇರಿಹೋಗಿದೆ. ಅದರ ಪಕ್ಕದ ಜ್ಞಾನಭಾರತಿ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ರಾಷ್ಟ್ರೀಯ ಹಾಕಿ ತಂಡಗಳ ತರಬೇತಿ ಶಿಬಿರಗಳು ಇಲ್ಲಿ ನಡೆಯುತ್ತವೆ. 41 ವರ್ಷಗಳ ನಂತರ, 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಹಾಕಿ ಪದಕ ತಂದ ತಂಡ ಬೆವರು ಸುರಿಸಿದ್ದು ಇಲ್ಲಿಯೇ.

ಇಲ್ಲಿ ನುರಿತ ತರಬೇತುದಾರರಿದ್ದಾರೆ, ಕೃತಕ ಹುಲ್ಲಿನ ಅಂಗಳವಿದೆ. ಆದರೆ ಹಳ್ಳಿಯ ಹುಡುಗನೊಬ್ಬ ಇಂತಹ ಕೇಂದ್ರದ ಬಾಗಿಲಿಗೆ ಬರುವ ಮುನ್ನ, ಅವನ ಕೈಗೆ ಕೋಲು ಕೊಟ್ಟು ಬಯಲಿಗಿಳಿಸಿದ ಹಿರಿಯರೊಬ್ಬರು ಅವನ ಊರಿನಲ್ಲಿ ಇರಬೇಕಾಗುತ್ತದೆ. ಅಂತಹ ಹಿರಿಯರ ಸಾಲಿನಲ್ಲಿ ನೆನೆಯಬೇಕಾದವರು ಕೊಡಗಿನ ದಿವಂಗತ ಪಾಂಡಂಡ ಕುಟ್ಟಪ್ಪನವರು.

ಬ್ಯಾಂಕಿನಿಂದ ಬಯಲಿಗೆ

ಕುಟ್ಟಪ್ಪನವರು ಸ್ಟೇಟ್ ಬ್ಯಾಂಕಿನಲ್ಲಿ ನೌಕರಿ ಮಾಡಿದವರು. ಹಾಕಿ ಆಟಗಾರರಾಗಿ, ತೀರ್ಪುಗಾರರಾಗಿ ಪಳಗಿದವರು. ನಿವೃತ್ತಿಯ ನಂತರ ಅವರ ಮನಸ್ಸು ತಮ್ಮ ಕುಟುಂಬದತ್ತ, ತಮ್ಮ ಜನರತ್ತ ಹರಿಯಿತು.

ಕೊಡಗಿಗೆ ಹಾಕಿ ಹೊಸದೇನಲ್ಲ. 1973ರ ವಿಶ್ವಕಪ್ಪಿನಲ್ಲಿ ಭಾರತ ತಂಡದ ನಾಯಕರಾಗಿದ್ದ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ, ಎಲ್ಲರೂ ಆ ನೆಲದವರೇ. ಆಟ ಇತ್ತು, ಆಟಗಾರರೂ ಇದ್ದರು. ಸಡಿಲವಾಗುತ್ತಿದ್ದುದು ಕುಟುಂಬದ ಕಟ್ಟು.

ಕೊಡವರಲ್ಲಿ ಒಂದೇ ಮೂಲಪುರುಷನಿಂದ ಬಂದ ಕುಟುಂಬಕ್ಕೆ ಒಕ್ಕ ಎಂದು ಹೆಸರು. ಒಕ್ಕದ ಹಿರಿಯ ಮನೆಯೇ ಐನ್‌ಮನೆ. ಪ್ರತಿಯೊಬ್ಬರ ಹೆಸರಿನ ಮುಂದೆಯೂ ಒಕ್ಕದ ಹೆಸರು ಇರುತ್ತದೆ. ಆದರೆ ಮಕ್ಕಳು ಓದಿಗೆ, ಸೇನೆಗೆ, ನೌಕರಿಗೆಂದು ಬೆಂಗಳೂರು, ಮುಂಬಯಿ, ಹೊರದೇಶಗಳಿಗೆ ಹೋದ ಮೇಲೆ ದೊಡ್ಡಪ್ಪನ ಮಕ್ಕಳು ಚಿಕ್ಕಪ್ಪನ ಮಕ್ಕಳನ್ನು ಗುರುತು ಹಿಡಿಯದಂತಾಗುವುದು ಸಹಜ. ಇದು ಕೊಡಗಿನ ಕಥೆ ಮಾತ್ರವಲ್ಲ, ನಮ್ಮೆಲ್ಲರ ಹಳ್ಳಿಗಳ ಕಥೆಯೂ ಹೌದು.

ಅರವತ್ತು ಕುಟುಂಬಗಳ ಆರಂಭ

ಇದಕ್ಕೆ ಕುಟ್ಟಪ್ಪನವರು ಕಂಡುಕೊಂಡ ಉಪಾಯ ಬಲು ಸರಳ. ಊರಿಗೊಂದು ತಂಡವಲ್ಲ, ಸಂಘಕ್ಕೊಂದು ತಂಡವಲ್ಲ, ಒಕ್ಕಕ್ಕೊಂದು ತಂಡ! 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟುಂಬದವರೇ ಮುಂದೆ ನಿಂತು ಮೊದಲ ಕೊಡವ ಕುಟುಂಬ ಹಾಕಿ ಉತ್ಸವ ನಡೆಸಿದರು. ಸೇರಿದ್ದು 60 ಕುಟುಂಬಗಳ ತಂಡಗಳು.

ಒಂದು ತಂಡ ಕಟ್ಟಲು ಹನ್ನೊಂದು ಜನ ಬೇಕು. ಹನ್ನೊಂದು ಜನರನ್ನು ಹುಡುಕಹೊರಟರೆ ಇಡೀ ಒಕ್ಕದ ಲೆಕ್ಕ ತೆಗೆಯಬೇಕು. ದೂರದೂರಿನಲ್ಲಿರುವ ಅಣ್ಣತಮ್ಮಂದಿರಿಗೆ ಹೇಳಿ ಕಳುಹಿಸಬೇಕು. ಮುನಿಸಿಕೊಂಡವರ ಮನೆಯ ಮೆಟ್ಟಿಲನ್ನೂ ಹತ್ತಬೇಕು. ಹೀಗೆ ಪಂದ್ಯ ಶುರುವಾಗುವ ಮೊದಲೇ ಅರ್ಧ ಕೆಲಸ ಆಗಿರುತ್ತಿತ್ತು. ನರೆಗೂದಲಿನ ಹಿರಿಯರು, ಶಾಲೆಯ ಹುಡುಗರು, ಹೆಣ್ಣುಮಕ್ಕಳು ಒಂದೇ ತಂಡದಲ್ಲಿ ಆಡುವುದು ಈ ಉತ್ಸವದ ವಿಶೇಷ. ಒಲಿಂಪಿಕ್ಸ್ ಆಡಿಬಂದವರ ಎದುರು ಆ ವರ್ಷ ಮೊದಲ ಬಾರಿಗೆ ಕೋಲು ಹಿಡಿದ ಮಗುವೂ ನಿಲ್ಲಬಹುದು.

ಕಾಲದ ಆಯ್ಕೆಯಲ್ಲೂ ಬೇಸಾಯಗಾರನ ತಿಳಿವಳಿಕೆ ಕಾಣುತ್ತದೆ. ಉತ್ಸವ ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಕಾಫಿ ಕೊಯ್ಲು ಮುಗಿದಿರುತ್ತದೆ, ಶಾಲೆಗಳಿಗೆ ರಜೆ ಇರುತ್ತದೆ, ಭತ್ತದ ಸಸಿಮಡಿಗೆ ಇನ್ನೂ ಮುಂಗಾರು ಬರಬೇಕು. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿಯೂ ಆಯುಧಪೂಜೆಯೊಡನೆ ಊರ ಆಟೋಟಗಳಿವೆ. ದುಡಿಮೆಯ ನಡುವಿನ ಬಿಡುವನ್ನು ಆಟಕ್ಕೆ ಕೊಡುವುದು ಅಲ್ಲಿನ ಹಳೆಯ ಪದ್ಧತಿ.

ಕೈದಾಟಿಸಿದ್ದೇ ದೊಡ್ಡತನ

ಕುಟ್ಟಪ್ಪನವರ ಬದುಕಿನಿಂದ ನಾವು ಕಲಿಯಬೇಕಾದ ಮುಖ್ಯ ಪಾಠ ಬೇರೊಂದಿದೆ. ಮೊದಲ ವರ್ಷ ಯಶಸ್ಸು ಕಂಡ ಮೇಲೆ ಉತ್ಸವವನ್ನು ತಮ್ಮ ಮನೆತನದ ಸ್ವತ್ತಾಗಿ ಇಟ್ಟುಕೊಳ್ಳಬಹುದಿತ್ತು. ಹಾಗಾಗಲಿಲ್ಲ. ಪ್ರತಿ ವರ್ಷ ಒಂದೊಂದು ಒಕ್ಕ ಹೊಣೆ ಹೊರುವುದು, ಆ ವರ್ಷದ ಕಪ್ಪಿಗೆ ಆ ಒಕ್ಕದ ಹೆಸರನ್ನೇ ಇಡುವುದು ಎಂಬ ಪದ್ಧತಿ ಬೆಳೆಯಿತು. ಬಿತ್ತನೆ ಬೀಜವನ್ನು ಕಣಜದಲ್ಲಿಯೇ ಇಟ್ಟರೆ ಹುಳು ಹಿಡಿಯುತ್ತದೆ, ನೆರೆಯವನಿಗೂ ಕೊಟ್ಟರೆ ತಳಿ ಉಳಿಯುತ್ತದೆ ಎಂಬುದನ್ನು ರೈತರಿಗೆ ಹೇಳಬೇಕಾಗಿಲ್ಲ.

ಈ ಪದ್ಧತಿಗೂ ಪರೀಕ್ಷೆಯ ಕಾಲ ಬಂತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆ, ತೋಟ, ಗದ್ದೆಗಳು ಕೊಚ್ಚಿಹೋದವು. 2019ರಲ್ಲಿ ಉತ್ಸವ ನಡೆಯಲಿಲ್ಲ. ಆಮೇಲೆ ಕೊರೊನಾ ಬಂತು. 2020ರಲ್ಲಿ ಕುಟ್ಟಪ್ಪನವರು ತೀರಿಕೊಂಡಾಗ ಹಾಕಿ ಬಯಲು ಬರಿದಾಗಿತ್ತು. ನಾಲ್ಕು ವರ್ಷ ನಿಂತುಹೋದ ಉತ್ಸವ ಮತ್ತೆ ಏಳುವುದೇ ಎಂಬ ಅಳುಕು ಯಾರಿಗಾದರೂ ಬರುವಂಥದೇ.

ಆದರೆ 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬದವರು ನಾಪೋಕ್ಲಿನಲ್ಲಿ ಹೊಣೆ ಹೊತ್ತರು. 336 ತಂಡಗಳು ಬಂದವು. 2024ರಲ್ಲಿ ಕುಂಡ್ಯೋಳಂಡ ಕಪ್ಪಿಗೆ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ಪಿಗೆ 396 ತಂಡಗಳು ಹೆಸರು ಕೊಟ್ಟವು. ಆರಂಭಿಸಿದ ಹಿರಿಯರು ಇಲ್ಲ, ಅವರು ಆರಂಭಿಸಿದ್ದು ನಿಲ್ಲಲಿಲ್ಲ.

ನಮ್ಮ ಊರಿನಲ್ಲಿಯೂ ಆಗಬಹುದು

ಇಷ್ಟು ದೊಡ್ಡ ಉತ್ಸವಕ್ಕೆ ಖರ್ಚೂ ದೊಡ್ಡದು. ಅದನ್ನು ನೋಡಿ ಯಾರೂ ಹೆದರಬೇಕಾಗಿಲ್ಲ. ಹಾಕಿಯೇ ಆಗಬೇಕೆಂದೂ ಇಲ್ಲ. ಕಬಡ್ಡಿ, ಖೋಖೋ ಆಟಗಳಿಗೆ ಕೊಯ್ಲಾದ ಒಂದು ಹೊಲ ಸಾಕು. ಕೂಳೆ ಕಿತ್ತು, ಕಲ್ಲು ಆರಿಸಿ, ನೀರು ಚಿಮುಕಿಸಿ ಮಟ್ಟ ಮಾಡಿಕೊಂಡರೆ ಅಂಗಳ ಸಿದ್ಧವಾಗುತ್ತದೆ. ಸುಗ್ಗಿ ಮುಗಿದು ಮುಂಗಾರು ಬರುವ ಮೊದಲಿನ ಬಿಡುವನ್ನು ಆರಿಸಿಕೊಳ್ಳಿ. ಹತ್ತು ಮನೆತನಗಳಿಂದ ಆರಂಭಿಸಿ. ಹೆಣ್ಣುಮಕ್ಕಳಿಗೂ ಹಿರಿಯರಿಗೂ ಸ್ಥಾನವಿರಲಿ. ಕುಡಿಯುವ ನೀರು, ನೆರಳು, ಗಾಯಕ್ಕೆ ಔಷಧಿ ಮರೆಯಬೇಡಿ. ಖರ್ಚಿನ ಲೆಕ್ಕವನ್ನು ಎಲ್ಲರ ಮುಂದೆ ಓದಿ ಹೇಳಿ.

ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ವರ್ಷದ ಹೊಣೆಯನ್ನು ಯಾವ ಮನೆತನ ಹೊರುವುದೆಂದು ಈ ವರ್ಷದ ಕೊನೆಯ ಪಂದ್ಯದ ದಿನವೇ, ಬಯಲಿನಲ್ಲಿಯೇ ತೀರ್ಮಾನಿಸಿ.