ಸ್ಟೀರಿಂಗ್ ರ್ಯಾಕ್ ಗಟ್ಟಿ ಮಾಡೋದು ಅಂದ್ರೆ ಏನು?

ಸೇಡಂನಿಂದ ವಾಡಿ ಕಡೆ ಕಾರಲ್ಲಿ ಹೋಗಿದ್ದೀರಾ? ಸಿಮೆಂಟ್ ಲಾರಿಗಳ ನಡುವೆ ಗುಂಡಿ ತಪ್ಪಿಸ್ತಾ ನಮ್ಮ ಕಾಕಾ ಹೇಳಿದ್ರು: "ಸ್ಟೇರಿಂಗ್ ಲೂಸ್ ಆಗ್ಯಾದ ನೋಡು."

ಟೈ ರಾಡ್ ಸರಿಯಿದ್ದೂ ಹೀಗಾದ್ರೆ, ರ್ಯಾಕನ್ನು ಸಬ್‌ಫ್ರೇಮಿಗೆ ಹಿಡಿದಿರೋ ರಬ್ಬರ್ ಬುಷ್ ನೋಡಬೇಕು. ಸ್ಟೀರಿಂಗ್ ತಿರುಗಿಸಿದಾಗ ಪಿನಿಯನ್ ಗಿಯರ್ ರ್ಯಾಕನ್ನು ಎಡಕ್ಕೋ ಬಲಕ್ಕೋ ತಳ್ಳುತ್ತೆ. ಬುಷ್ ಸವೆದಿದ್ರೆ ಮೊದಲು ಇಡೀ ರ್ಯಾಕ್ ಹೌಸಿಂಗೇ ಸರಿಯುತ್ತೆ, ಚಕ್ರ ತಿರುಗೋದು ಆಮೇಲೆ. ಸ್ಟೀರಿಂಗ್ ಆರ್ಮ್ 120 ಮಿ.ಮೀ. ಅಂದ್ಕೊಳ್ಳಿ. ಹೌಸಿಂಗ್ 2 ಮಿ.ಮೀ. ಸರಿದ್ರೆ ಚಕ್ರದಲ್ಲಿ ಸುಮಾರು 1 ಡಿಗ್ರಿ ಹೋಯ್ತು. ಪಕ್ಕದಲ್ಲಿ ಲಾರಿ ಇದ್ದಾಗ ಅದು ಸಣ್ಣದಲ್ಲ.

ಸ್ಪೋರ್ಟ್ಸ್ ಕಾರಿನ ಅಗಲ ಟೈರಿಗೆ ಹಿಡಿತ ಜಾಸ್ತಿ, ತಿರುವಿನಲ್ಲಿ ರ್ಯಾಕ್ ಮೇಲೆ ಬೀಳೋ ಬಲವೂ ಜಾಸ್ತಿ. ಅದಕ್ಕೇ ರಬ್ಬರ್ ಬದಲು ಪಾಲಿಯುರೆಥೇನ್ ಅಥವಾ ಅಲ್ಯೂಮಿನಿಯಂ ಬುಷ್ ಹಾಕ್ತಾರೆ, ಮೌಂಟ್‌ಗಳಿಗೆ ಬ್ರೇಸ್ ಕೊಡ್ತಾರೆ. ಅಂದ್ರೆ ಗಟ್ಟಿ ಮಾಡೋದು ರ್ಯಾಕನ್ನಲ್ಲ, ಅದು ಕೂತಿರೋ ಜಾಗವನ್ನು.

ಹಾಗಾದ್ರೆ ಕಾಕಾನ ಕಾರಿಗೂ ಅಲ್ಯೂಮಿನಿಯಂ ಹಾಕೋಣ್ವಾ? ಬೇಡ. ಗುಂಡಿಯ ಪೆಟ್ಟನ್ನು ಸ್ವಲ್ಪ ನುಂಗೋದೇ ರಬ್ಬರ್. ಅದಿಲ್ಲದಿದ್ರೆ ಪೆಟ್ಟು ನೇರ ಕೈಗೆ ಬರುತ್ತೆ, ಸಬ್‌ಫ್ರೇಮಿನ ವೆಲ್ಡಿಂಗಿಗೂ ಹೋಗುತ್ತೆ. ದಿನಾ ಹಂಗೇ ಆದ್ರೆ ಬಿರುಕು ಬಿಡಬಹುದು.

ನಾನು ಹೇಳಿದ್ದು ಇಷ್ಟೇ: "ಕಾಕಾ, ಹೊಸ ರಬ್ಬರ್ ಬುಷ್ ಹಾಕಸ್ರಿ. ಬೋಲ್ಟ್ ಟಾರ್ಕ್ ವ್ರೆಂಚಿನಿಂದ ಬಿಗಿ ಮಾಡಸ್ರಿ, ಆಮೇಲೆ ಅಲೈನ್‌ಮೆಂಟ್ ಮರೀಬ್ಯಾಡ್ರಿ."